ಮೊದಲರ್ಧ ಚೆನ್ನಾಗಿದೆ, ಆಮೇಲೆ ಎಳೆದಿದ್ದಾರೆ

ಒಂದು ಧಾರಾವಾಹಿಯನ್ನು ನೋಡದೆ ಇರುವುದು ಅಪರಾಧವೇನಲ್ಲ. ಆದರೆ ಧಾರಾವಾಹಿ ಬ್ಯಾಂಕ್ ದರೋಡೆಯದ್ದಾಗಿದ್ದು, ನೋಡದವನು ಬ್ಯಾಂಕಿನಲ್ಲೇ ಕೆಲಸ ಮಾಡುವವನಾಗಿದ್ದು, ನೋಡಿದ ನಾಲ್ವರ ಜೊತೆ ಅವನು ಲಿಫ್ಟಿನಲ್ಲಿ ಸಿಕ್ಕಿಕೊಂಡರೆ, ಅದಕ್ಕಿಂತ ದೊಡ್ಡ ಅಪರಾಧ ಬೇರೆ ಇಲ್ಲ. ಕೀಲಿಯಣ್ಣನಿಗೆ ಆದದ್ದು ಇದೇ.

ಕೀಲಿಯಣ್ಣ ಎನ್ನುವುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಬ್ಯಾಂಕಿನ ಸ್ಟ್ರಾಂಗ್‌ರೂಮಿನ ಬಾಗಿಲನ್ನು ದಿನಾ ಬೆಳಿಗ್ಗೆಯೂ ದಿನಾ ಸಂಜೆಯೂ ತೆರೆದು ಮುಚ್ಚಿದ್ದಕ್ಕೆ ಸಿಕ್ಕ ಸಂಬಳೇತರ ಭತ್ಯೆ. ಆ ಬ್ಯಾಂಕಿನಲ್ಲಿ ಗುಮಾಸ್ತರ ಕುರ್ಚಿಗೆ ಕೈ ಇರುವುದಿಲ್ಲ, ಆಫೀಸರ ಕುರ್ಚಿಗೆ ಎರಡು ಕೈ ಇರುತ್ತವೆ. ಇಪ್ಪತ್ತೆರಡು ವರ್ಷ ಮೊಣಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಕುಳಿತ ಕೀಲಿಯಣ್ಣನ ಹೆಸರು ಈ ಸಲ ಬಡ್ತಿಯ ಪಟ್ಟಿಯಲ್ಲಿ ಬಂದಿತ್ತು. ತಿಂಗಳ ಕೊನೆಗೆ ಪತ್ರ ಬರಬೇಕು. ಹೆಂಡತಿ ಆಗಲೇ ತವರಿಗೆ, ಅತ್ತಿಗೆಗೆ, ಅತ್ತಿಗೆಯ ತವರಿಗೆ ಫೋನು ಮಾಡಿ, "ಇನ್ನೂ ಯಾರಿಗೂ ಹೇಳ್ಬೇಡಿ" ಎಂದು ಎಲ್ಲರಿಗೂ ಹೇಳಿಯಾಗಿತ್ತು.

ಆ ಭಾನುವಾರ ಬೆಳಿಗ್ಗೆ ಅವನ ಮನೆಯಿದ್ದ ಕಟ್ಟಡದ ಲಿಫ್ಟು ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ನಿಂತಿತು. ಒಳಗೆ ಕೀಲಿಯಣ್ಣ, ಅವನ ಹೆಂಡತಿಯ ತಮ್ಮ, ಎದುರುಮನೆಯ ಹಲ್ಲಿನ ಡಾಕ್ಟರು, ಮೇಲಿನ ಮಹಡಿಯ ವಕೀಲರು, ನೆಲಮಹಡಿಯಲ್ಲಿ ಅಂಗಡಿ ಇಟ್ಟಿರುವ ಟೈಲರು. ಮೊದಲು ಎಲ್ಲರೂ ಗುಂಡಿ ಒತ್ತಿದರು. ಆಮೇಲೆ ಎಲ್ಲರೂ ಲಿಫ್ಟಿನವನನ್ನು ಬೈದರು. ಆಮೇಲೆ ಮಾಡುವುದಕ್ಕೆ ಏನೂ ಉಳಿಯದೆ ಮಾತು ಧಾರಾವಾಹಿಯ ಕಡೆಗೆ ತಿರುಗಿತು.

ಅದು ಯುರೋಪಿನ ಯಾವುದೋ ದೇಶದ್ದು, ಮೂವತ್ತೆರಡು ಕಂತಿನದು. ಅದರ ಆಳೆತ್ತರದ ಪೋಸ್ಟರು ಕಟ್ಟಡದ ಎದುರಿನ ಬಸ್‌ಸ್ಟಾಪಿನ ಮೇಲೆಯೇ ಇತ್ತು. ಉದ್ದ ಕೋಟಿನ ಆರು ಕಳ್ಳರು, ಒಬ್ಬನ ಕೈಯಲ್ಲಿ ಸಲಿಕೆ, ಮುಂದೆ ನಿಂತವನ ನಗುವಿನಲ್ಲಿ ಒಂದು ಚಿನ್ನದ ಹಲ್ಲು, ಹಿಂದೆ ಕೋಳ ಹಿಡಿದ ಒಬ್ಬ ಪೊಲೀಸು.

"ಚೆನ್ನಾಗೇನೋ ತೆಗ್ದಿದಾರೆ," ಎಂದರು ಡಾಕ್ಟರು. "ಆದ್ರೆ ಆ ಮುಖ್ಯ ಕಳ್ಳನ ಚಿನ್ನದ ಹಲ್ಲು ನೋಡಿದ್ರಾ? ಆ ಜಾಗದಲ್ಲಿ ಯಾವ ಡಾಕ್ಟರೂ ಚಿನ್ನ ಕೂರ್ಸಲ್ಲ. ನನಗೆ ಅಲ್ಲಿಗೇ ನಂಬಿಕೆ ಹೋಯ್ತು."

"ಹಲ್ಲು ಹೋಗ್ಲಿ ಸಾರ್, ಕೋಟಿನ ಭುಜ ನೋಡಿ," ಎಂದ ಟೈಲರು. "ಅಷ್ಟು ದಪ್ಪ ಭುಜ ಇಟ್ಕೊಂಡು ಸುರಂಗದಲ್ಲಿ ತೆವಳೋಕಾಗತ್ತಾ? ಯಾರಿಗ್ರೀ ಕಿವಿ ಮೇಲೆ ಹೂವಿಡ್ತಾರೆ?"

ವಕೀಲರು ಕಣ್ಣು ಮುಚ್ಚಿ ತೀರ್ಪು ಕೊಟ್ಟರು. "ಆ ಪೊಲೀಸು ಕೋಳ ಹಿಡ್ದಿರೋ ರೀತಿ ಒಂದೇ ಸಾಕು, ಇಡೀ ಕೇಸು ಬಿದ್ದುಹೋಗತ್ತೆ."

"ನಾನು ಮೂರು ಸಲ ನೋಡ್ದೆ," ಎಂದ ಭಾವಮೈದ. ಅವನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಲೋಕದ ಎಲ್ಲವನ್ನೂ ಮೂರು ಸಲ ನೋಡಿದವನು.

ಆಮೇಲೆ ನಾಲ್ಕೂ ಮುಖ ಒಟ್ಟಿಗೆ ಕೀಲಿಯಣ್ಣನ ಕಡೆ ತಿರುಗಿದವು. "ನೀವು ಬ್ಯಾಂಕಿನವ್ರು. ನೀವೇನಂತೀರಿ?"

ನೋಡಿಲ್ಲ ಎಂದಿದ್ದರೆ ಈ ಕಥೆ ಲಿಫ್ಟಿನಲ್ಲೇ ಮುಗಿಯುತ್ತಿತ್ತು. ಆದರೆ ಭಾವಮೈದನ ಮುಂದೆ ಯಾವ ಗಂಡಸು ತಾನೇ ಸೋಲೊಪ್ಪುತ್ತಾನೆ? ಕೀಲಿಯಣ್ಣ ಗಂಟಲು ಸರಿಮಾಡಿಕೊಂಡು, ತನ್ನ ಅಪ್ಪ ಪ್ರತಿಯೊಂದು ನಾಟಕದ ಬಗ್ಗೆಯೂ, ಭಾಷಣದ ಬಗ್ಗೆಯೂ, ಒಂದೆರಡು ಸಲ ತನ್ನ ಸಂಸಾರದ ಬಗ್ಗೆಯೂ ಹೇಳುತ್ತಿದ್ದ ಮಾತನ್ನು ಎತ್ತಿ ಹೇಳಿಬಿಟ್ಟ. "ಮೊದಲರ್ಧ ಚೆನ್ನಾಗಿದೆ. ಆಮೇಲೆ ಎಳೆದಿದ್ದಾರೆ."

"ಆಹಾ! ನನ್ನ ಬಾಯಲ್ಲಿದ್ದ ಮಾತು," ಎಂದರು ವಕೀಲರು. "ಎಲ್ಲಿಂದ ಎಳೆದ್ರು ಅಂತೀರಿ?"

"ದರೋಡೆ ಶುರುವಾಯ್ತಲ್ಲ, ಅಲ್ಲಿಂದ."

"ಅಲ್ಲಿಂದ್ಲೇ!" ಎಂದರು ಮಿಕ್ಕವರು.

ಹೊಗಳಿಕೆ ಎನ್ನುವುದು ಕೀಲಿಯಣ್ಣನಿಗೆ ಇಪ್ಪತ್ತೆರಡು ವರ್ಷದಲ್ಲಿ ಬಂದದ್ದೇ ಅಪರೂಪ. ಒಂದು ಹನಿ ಬಿದ್ದದ್ದೇ ತಡ, ಅವನು ಉಬ್ಬಿದ. "ಅಲ್ಲ ಸ್ವಾಮಿ, ಒಂದು ಬ್ಯಾಂಕು ದೋಚೋಕೆ ಸುರಂಗ ಯಾಕೆ, ಆರು ಜನ ಯಾಕೆ? ನಮ್ಮ ಬ್ರಾಂಚಿನ ಬಾಗಿಲಿಗೆ ಎರಡು ಕೀಲಿ. ಒಂದು ನನ್ನತ್ರ, ಒಂದು ಮ್ಯಾನೇಜರತ್ರ. ಎರಡೂ ಸೇರಿದ್ರೇ ಬಾಗಿಲು ತೆರೆಯೋದು. ಎರಡು ಕೀಲಿ ಒಂದೇ ಸೂರಿನಡಿ ಮಲಗಬಾರದು ಅಂತ ರೂಲು. ಆದ್ರೆ ಮ್ಯಾನೇಜರು ಬರೋದು ಹತ್ತೂವರೆಗೆ. ಅದಕ್ಕೆ ಅವರ ಕೀಲಿ ಎಲ್ಲಿರತ್ತೆ? ಗೋಡೆ ಮೇಲಿನ ಒಂದು ಫ್ರೇಮಿನ ಹಿಂದೆ! ಗೊತ್ತಿದ್ದವನಿಗೆ ಹನ್ನೊಂದು ನಿಮಿಷ ಸಾಕು."

ಈ ನಡುವೆ ಲಿಫ್ಟು ಸರಿಹೋಗಿ ಕೆಳಗಿಳಿದು ಬಾಗಿಲು ತೆರೆದುಕೊಂಡಿತ್ತು. ಯಾರೂ ಇಳಿಯಲಿಲ್ಲ.

ಮನೆಗೆ ಬಂದ ಭಾವಮೈದ ಸುಮ್ಮನಿರುವ ಜಾತಿಯಲ್ಲ. "ಭಾವ, ಇದನ್ನ ನಾಲ್ಕು ಜನಕ್ಕೆ ಹೇಳಿ ಬಿಡೋದಾ?" ಎಂದವನೇ ಅದನ್ನೆಲ್ಲ ಮೊಬೈಲಿನಲ್ಲಿ ಬರೆದು, ನೋಡುಗರ ಅಭಿಪ್ರಾಯ ಎನ್ನುವ ಪುಟದಲ್ಲಿ ಹಾಕಿದ. 'ಇಪ್ಪತ್ತೆರಡು ವರ್ಷದ ಬ್ಯಾಂಕ್ ಅನುಭವಿಯೊಬ್ಬರ ಕಟು ವಿಮರ್ಶೆ' ಎಂದು ತಲೆಬರಹ. ಐದರಲ್ಲಿ ಒಂದು ನಕ್ಷತ್ರ. ಕೀಲಿ, ಫ್ರೇಮು, ಹನ್ನೊಂದು ನಿಮಿಷ, ಎಲ್ಲ ಇತ್ತು.

ಸಂಜೆಯ ಹೊತ್ತಿಗೆ ಅದರ ಕೆಳಗೆ ಜಾತ್ರೆ ಸೇರಿತು. 'ಕೊನೆಗೂ ಒಬ್ಬರು ಧೈರ್ಯವಾಗಿ ಸತ್ಯ ಹೇಳಿದರು' ಎಂದು ಒಬ್ಬ. 'ಮೊದಲರ್ಧ ಚೆನ್ನಾಗಿದೆ, ಆಮೇಲೆ ಎಳೆದಿದ್ದಾರೆ ಎಂದು ನಾನೂ ಮೊದಲಿನಿಂದ ಹೇಳುತ್ತ ಬಂದಿದ್ದೇನೆ' ಎಂದು ಇನ್ನೊಬ್ಬ. 'ಇದನ್ನು ಓದಿದ ಮೇಲೆ ನೋಡುವ ಅಗತ್ಯವೇ ಇಲ್ಲ' ಎಂದ ಮೂರನೆಯವನಿಗೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಿಂದೆ ಊರಿಗೊಬ್ಬರು ಇರುತ್ತಿದ್ದರು. ಈಗ ಎಲ್ಲರ ಕೈಗೂ ಒಂದೊಂದು ಹಗ್ಗ ಬಂದಿದೆ. ನಾಲ್ಕನೆಯವನೊಬ್ಬ ವಿನಯದಿಂದ, 'ಯಾವ ಬ್ರಾಂಚು ಸಾರ್?' ಎಂದು ಕೇಳಿದ್ದ. ಭಾವಮೈದ ಅಷ್ಟೇ ವಿನಯದಿಂದ ವಿಳಾಸವನ್ನೂ, ಬಾಗಿಲು ತೆರೆಯುವ ವೇಳೆಯನ್ನೂ ಕೊಟ್ಟಿದ್ದ.

ಬುಧವಾರ ಬೆಳಿಗ್ಗೆ ಮ್ಯಾನೇಜರು ತಮ್ಮ ನೌಕರಿಯಲ್ಲೇ ಮೊದಲ ಬಾರಿಗೆ ಒಂಬತ್ತಕ್ಕೇ ಬಂದರು. ಮುಖ ಸುಣ್ಣದ ಗೋಡೆಯಾಗಿತ್ತು.

"ಕೀಲಿಯಣ್ಣ, ಹೆಡ್ಡಾಫೀಸಿಂದ ತನಿಖೆಗೆ ಬರ್ತಿದಾರೆ. ನಿಮಗೇನ್ರೀ ಬಂದಿತ್ತು ದೊಡ್ಡ ರೋಗ? ಫ್ರೇಮಿನ ಹಿಂದೆ ಅಂತ ಬರೀಲೇಬೇಕಿತ್ತಾ? ಬೀರು ಕೆಳಗೆ ಅಂತ ಬರೀಬಹುದಿತ್ತಲ್ಲ!"

"ಸುಳ್ಳು ಬರೀಬಾರ್ದು ಅಂತ ಸಾರ್," ಎಂದ ಕೀಲಿಯಣ್ಣ. ನೋಡದ ಧಾರಾವಾಹಿಗೆ ವಿಮರ್ಶೆ ಕೊಟ್ಟವನ ಬಾಯಿಂದ ಈ ಮಾತು ಯಾವ ತಡೆಯೂ ಇಲ್ಲದೆ ಬಂತು.

"ನನಗೇನೂ ಗೊತ್ತಿಲ್ಲ ಅಂದ್ಬಿಡ್ತೀನಿ, ನೋಡ್ಕೊಳ್ಳಿ. ನಿಮ್ಮ ಬಡ್ತಿ ಫೈಲೂ ಅವರ ಚೀಲದಲ್ಲೇ ಇದೆಯಂತೆ."

ಕೀಲಿಯಣ್ಣನ ಕಣ್ಣ ಮುಂದೆ ಆ ಎರಡು ಕೈಯ ಕುರ್ಚಿ ಮಗುಚಿ ಬಿತ್ತು.

ತನಿಖಾಧಿಕಾರಿ ಸಣಕಲು ಮನುಷ್ಯ. ಕೊರಳಿಗೆ ಓಟದ ಪಂದ್ಯದವರು ಹಾಕಿಕೊಳ್ಳುವಂಥ ಗಡಿಯಾರ ನೇತುಹಾಕಿಕೊಂಡು ಬಂದಿದ್ದರು. ಕೂರಲಿಲ್ಲ, ನೀರೂ ಕುಡಿಯಲಿಲ್ಲ. "ಹನ್ನೊಂದು ನಿಮಿಷ ಅಂತ ಬರ್ದಿದೀರಿ. ಅಳೆದಿದೀರಾ?"

"ದಿನಾ ಮಾಡೋ ಕೆಲಸ ಸಾರ್. ಅಂದಾಜಿದೆ."

"ಫ್ರೇಮು ಯಾವ್ದು?"

ಮ್ಯಾನೇಜರು ಕೆಮ್ಮಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಅವರು ಹೆಗಲಲ್ಲ, ನೇರವಾಗಿ ಹೋಗಿ ಫ್ರೇಮಿಗೇ ಬೆನ್ನು ಕೊಟ್ಟು ನಿಂತರು. ಅದು ಹೆಡ್ಡಾಫೀಸೇ ಕೊಟ್ಟ 'ಅತ್ಯುತ್ತಮ ಭದ್ರತಾ ವ್ಯವಸ್ಥೆ' ಪ್ರಶಸ್ತಿಪತ್ರ.

"ಸರಿ," ಎಂದರು ಅಧಿಕಾರಿ. "ನಾನು ಗಡಿಯಾರ ಒತ್ತೀನಿ. ನೀವು ದಿನಾ ಬೆಳಿಗ್ಗೆ ಏನು ಮಾಡ್ತೀರೋ ಅದನ್ನೇ ಮಾಡಿ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ನಾವಿದೀವಿ ಅನ್ನೋದನ್ನೇ ಮರ್ತುಬಿಡಿ."

ಆಜ್ಞೆಯನ್ನು ಅಕ್ಷರ ಬಿಡದೆ ಪಾಲಿಸುವುದರಲ್ಲಿ ಕೀಲಿಯಣ್ಣನನ್ನು ಮೀರಿಸಿದವರು ಆ ಬ್ಯಾಂಕಿನಲ್ಲಿ ಇರಲಿಲ್ಲ. ಅವನು ಬೀದಿಬಾಗಿಲಿನಿಂದ ಶುರುಮಾಡಿದ. ಕೊಡೆಯನ್ನು ಮೂಲೆಗಿಟ್ಟ. ಮ್ಯಾನೇಜರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಫ್ರೇಮಿನ ಹಿಂದೆ ಕೈಹಾಕಿ ಕೀಲಿ ತೆಗೆದ. ಎರಡು ಕೀಲಿ ಹಾಕಿ, ಎಡಕ್ಕೊಂದು, ಬಲಕ್ಕೊಂದು ತಿರುಗಿಸಿ, ಭುಜ ಕೊಟ್ಟು ಬಾಗಿಲು ತೆರೆದ. ಅಧಿಕಾರಿ ಗಡಿಯಾರ ನೋಡುತ್ತ ಒಳಗೆ ಹೋದರು. ಅವರ ಹಿಂದೆಯೇ ಮ್ಯಾನೇಜರು, "ಧೂಳು ದಿನಾ ಹೊಡೀತೀವಿ ಸಾರ್" ಎನ್ನುತ್ತ ಹೋದರು. ಕೀಲಿಯಣ್ಣ ದಿನದ ಪೆಟ್ಟಿಗೆಯನ್ನು ಹೊರಗಿಟ್ಟ. ಬಾಗಿಲು ಎಳೆದ. ಬಲಕ್ಕೊಂದು, ಎಡಕ್ಕೊಂದು ತಿರುಗಿಸಿ ಬೀಗ ಹಾಕಿದ. ಒಂದು ಕೀಲಿ ಜೇಬಿಗೆ, ಒಂದು ಫ್ರೇಮಿನ ಹಿಂದಕ್ಕೆ. ಆಮೇಲೆ ದಿನದಂತೆ ರಸ್ತೆ ದಾಟಿ ಟೀ ಅಂಗಡಿಗೆ ಹೋದ.

ಟೀ ಅರ್ಧ ಆಗುವಷ್ಟರಲ್ಲಿ ಅವನಿಗೆ ಏನೋ ಮರೆತ ಹಾಗೆ ಅನ್ನಿಸಿತು. ಕೊಡೆ? ಒಳಗಿದೆ. ಕನ್ನಡಕ? ಮೂಗಿನ ಮೇಲಿದೆ.

"ಏನಣ್ಣ, ಮ್ಯಾನೇಜರು ಇವತ್ತು ಬೇಗ ಬಂದಂಗಿತ್ತು?" ಎಂದ ಟೀಯವನು.

"ಹ್ಞೂಂ, ಬಂದಿದಾರೆ. ಒಳಗಿದ್ದಾರೆ," ಎಂದ ಕೀಲಿಯಣ್ಣ. ಇನ್ನೊಂದು ಗುಟುಕು ಕುಡಿದ. ಲೋಟವನ್ನು ಅಲ್ಲೇ ಕುಕ್ಕಿ ರಸ್ತೆಗೆ ಓಡಿದ.

ಅಷ್ಟರಲ್ಲಿ ಬ್ಯಾಂಕು ತೆರೆದು ಗಿರಾಕಿಗಳು ಬಂದಿದ್ದರು. ತನಿಖೆಯ ಸುದ್ದಿ ತಿಳಿದು ಡಾಕ್ಟರು, ವಕೀಲರು, ಟೈಲರು, ಭಾವಮೈದ, ಎಲ್ಲರಿಗೂ ಅವತ್ತೇ ಬ್ಯಾಂಕಿನಲ್ಲಿ ತುರ್ತು ಕೆಲಸ ಬಿದ್ದಿತ್ತು. ಒಳಗಿನ ಗೋಡೆಯಿಂದ ಧಬ್ ಧಬ್ ಎಂಬ ಸದ್ದು ಕೇಳಿದ ಡಾಕ್ಟರು, "ಸುರಂಗ! ಸುರಂಗ ಕೊರೀತಿದಾರೆ!" ಎಂದು ಕಿರುಚಿದರು. ಯಾರೂ ಹೇಳದಿದ್ದರೂ ಎಲ್ಲರೂ ನೆಲಕ್ಕೆ ಬಿದ್ದು ಕೈಗಳನ್ನು ತಲೆಯ ಮೇಲಿಟ್ಟುಕೊಂಡರು.

ಆಗ ಏದುಸಿರು ಬಿಡುತ್ತ ಕೀಲಿಯಣ್ಣ ನುಗ್ಗಿ ಬಂದವನೇ ಫ್ರೇಮಿನ ಹಿಂದೆ ಕೈಹಾಕಿದ.

"ಅಯ್ಯೋ, ಬೇಲಿಯೇ ಎದ್ದು ಹೊಲ ಮೇಯ್ತಲ್ಲಪ್ಪಾ!" ಎಂದ ಟೈಲರು ನೆಲದಿಂದ.

"ನಾನು ಯಾರ ಮುಖಾನೂ ನೋಡಿಲ್ಲ," ಎಂದರು ವಕೀಲರು, ಹಣೆಯನ್ನು ನೆಲಕ್ಕೆ ಒತ್ತಿ. "ಸಾಕ್ಷಿ ಹೇಳೋದಿಲ್ಲ. ಬರ್ಕೊಡ್ತೀನಿ ಬೇಕಾದ್ರೆ."

"ಭಾವ, ನಮ್ಮಕ್ಕನ ಮುಖ ನೋಡಿ ಬಿಟ್ಬಿಡಿ," ಎಂದ ಭಾವಮೈದ.

ಬಾಗಿಲು ತೆರೆಯಿತು. ಮೊದಲು ಮ್ಯಾನೇಜರು, ಆಮೇಲೆ ಅಧಿಕಾರಿ ಹೊರಬಂದರು. ದಿನಾ ಹೊಡೆಯುತ್ತಿದ್ದ ಧೂಳು ಇಬ್ಬರ ಮೈಮೇಲೂ ಇತ್ತು. ಅಧಿಕಾರಿ ಗಡಿಯಾರವನ್ನು ಆಗ ಒತ್ತಿ ನಿಲ್ಲಿಸಿದರು. "ಇಪ್ಪತ್ತಾರು ನಿಮಿಷ," ಎಂದರು. ಸ್ವರ ತಣ್ಣಗಿತ್ತು.

"ಟೀ ಸೇರಿ ಸಾರ್," ಎಂದ ಕೀಲಿಯಣ್ಣ.

"ಇಲ್ಲಿ ಬನ್ನಿ. ಎಲ್ಲರ ಮುಂದೇನೇ ಕೇಳ್ತೀನಿ. ಅಧಿಕಾರಿಗಳನ್ನ ಒಳಗೆ ಕೂಡಿಹಾಕೋದು, ಹೊರಗೆ ಹೋಗಿ ಸಹಚರರನ್ನ ಕಾಯೋದು. ಈ ಉಪಾಯ ಆ ಧಾರಾವಾಹಿಯ ಎಷ್ಟನೇ ಕಂತಿನಲ್ಲಿದೆ?"

ಇಂತಿಷ್ಟನೇ ಕಂತು ಎಂದರೆ ಕಳ್ಳನಾಗಬೇಕು. ನೋಡೇ ಇಲ್ಲ ಎಂದರೆ ಇಡೀ ಕಟ್ಟಡದ ಮುಂದೆ ಮಾನ ಹೋಗಬೇಕು. ನೆಲದ ಮೇಲಿದ್ದ ಭಾವಮೈದ ಕತ್ತೆತ್ತಿ ನೋಡುತ್ತಿದ್ದ. ಕೀಲಿಯಣ್ಣ ಕುರ್ಚಿಯ ಎರಡು ಕೈಗಳನ್ನು ನೆನೆದು ಮಾನವನ್ನು ಬಿಟ್ಟುಕೊಟ್ಟ.

"ಸಾರ್, ನಾನು ಒಂದು ಕಂತನ್ನೂ ನೋಡಿಲ್ಲ."

ಅಧಿಕಾರಿ ನಂಬಲಿಲ್ಲ. "ಸುಳ್ಳು. ಪರೀಕ್ಷೆ ಮಾಡೋಣ. ಇಲ್ಲಿ ಅದನ್ನ ಪೂರ್ತಿ ನೋಡಿದವರು ಯಾರಿದೀರಿ? ಎದ್ದು ನಿಲ್ಲಿ."

ಎದ್ದು ನಿಲ್ಲುವುದಿರಲಿ, ಅರ್ಧ ಎದ್ದಿದ್ದವರೂ ಮತ್ತೆ ಮಲಗಿದರು.

"ಡಾಕ್ಟ್ರೇ?"

"ನಾನು... ಹಲ್ಲಿನ ಭಾಗ ಮಾತ್ರ."

"ನಾನು ಪೋಸ್ಟರು ಪೂರ್ತಿ ನೋಡಿದೀನಿ ಸಾರ್," ಎಂದ ಟೈಲರು.

"ಮೂರು ಸಲ," ಎಂದ ಭಾವಮೈದ. ಅಧಿಕಾರಿ ತಿರುಗಿ ನೋಡಿದ ಮೇಲೆ, "ಟ್ರೈಲರು" ಎಂದ.

ಇಷ್ಟಾದ ಮೇಲೆ ವಕೀಲರಿಗೆ ಧೈರ್ಯ ಬಂದು ಎದ್ದು ಕೂತರು. "ತಾವು ನೋಡಿದೀರಾ, ಸಾರ್?"

ಅಧಿಕಾರಿ ಕನ್ನಡಕ ಒರೆಸಿಕೊಂಡರು. "ನಂಗೆಲ್ರೀ ಪುರುಸೊತ್ತು? ಅಭಿಪ್ರಾಯ ಇದೆ, ಅಷ್ಟೇ. ಮೊದಲರ್ಧ ಚೆನ್ನಾಗಿದೆ—"

"ಆಮೇಲೆ ಎಳೆದಿದ್ದಾರೆ," ಎಂದಿತು ಇಡೀ ಬ್ಯಾಂಕು.

ವಾರದಲ್ಲಿ ಆದೇಶ ಬಂತು. ಮ್ಯಾನೇಜರನ್ನು ಹೆಡ್ಡಾಫೀಸಿಗೆ, ಭದ್ರತೆಯ ಬಗ್ಗೆ ತರಬೇತಿ ಕೊಡುವ ಹುದ್ದೆಗೆ ಕಳಿಸಿದರು. ಅಲ್ಲಿ ಕುರ್ಚಿಗೆ ಕೈಯಷ್ಟೇ ಅಲ್ಲ, ಚಕ್ರವೂ ಇತ್ತಂತೆ. ಕೀಲಿಯಣ್ಣನಿಗೆ ಬಂದ ಕಾಗದ ಬೇರೆ ತರಹದ್ದು. ಹದಿನೈದು ದಿನದಲ್ಲಿ ಮೂವತ್ತೆರಡೂ ಕಂತನ್ನು ನೋಡಿ, ಅದರಲ್ಲಿನ ದರೋಡೆಗೂ ಅವನ ಉಪಾಯಕ್ಕೂ ಸಂಬಂಧವಿಲ್ಲವೆಂದು ವರದಿ ಒಪ್ಪಿಸಬೇಕು. ವರದಿ ತೃಪ್ತಿಕರವಾಗಿದ್ದರೆ ಬಡ್ತಿ, ಇಲ್ಲದಿದ್ದರೆ ಇಲ್ಲ.

ಕೀಲಿಯಣ್ಣ ರಜೆ ಹಾಕಿ, ಮಧ್ಯಾಹ್ನದ ಹೊತ್ತು ಕಿಟಕಿಯ ಪರದೆ ಎಳೆದು ಟೀವಿಯ ಮುಂದೆ ಕುಳಿತ. ಹೆಂಡತಿ ಬಟ್ಟೆ ಮಡಿಸುತ್ತ ಜೊತೆಗೆ ಕುಳಿತಳು. ಹದಿನಾರು ಕಂತು ಆರು ಜನ ಕೋಟು ಹಾಕಿಕೊಂಡು ಜಗಳವಾಡಿದರು, ನೆಲ ಅಳೆದರು, ಮತ್ತೆ ಜಗಳವಾಡಿದರು. ಗಂಡ ಆಕಳಿಸಿದ, ಹೆಂಡತಿ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ಹದಿನೇಳನೆಯದರಲ್ಲಿ ದರೋಡೆ ಶುರುವಾಯಿತು. ಆಗ ಟೀವಿಯ ಮೇಲೆ, ಪೋಸ್ಟರಿನಲ್ಲಿ ಎಲ್ಲೂ ಇಲ್ಲದ ಒಬ್ಬ ಮುದುಕ ಬಂದ.

ಅವನು ಆ ಬ್ಯಾಂಕಿನ ಕೀಲಿ ಗುಮಾಸ್ತ. ಅವನ ಕುರ್ಚಿಗೂ ಕೈ ಇರಲಿಲ್ಲ. ಅಲ್ಲೂ ಬಾಗಿಲಿಗೆ ಎರಡು ಕೀಲಿ. ಕಳ್ಳರು ಹೊಡೆದರು, ಬಡಿದರು. ಎರಡನೇ ಕೀಲಿ ತರಬೇಕಾದವರು ಬಾರದೆ ತೆರೆಯುವುದಿಲ್ಲ ಎಂದು ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟ. ಹದಿನೈದು ಕಂತು ಹಾಗೇ ಕೂತ. ಕೊನೆಯ ಕಂತಿನಲ್ಲಿ ಸುರಂಗ ಕುಸಿದು, ಆ ಚಿನ್ನದ ಹಲ್ಲಿನವನು ಒಳಗಡೆ ಉಸಿರು ಸಿಗದೆ ಬಾಗಿಲು ಬಡಿಯತೊಡಗಿದಾಗ, ಮುದುಕ ಎದ್ದು, ತನಗೆ ನಲವತ್ತು ವರ್ಷದಿಂದ ಗೊತ್ತಿದ್ದ ಜಾಗದಿಂದ ಎರಡನೇ ಕೀಲಿಯನ್ನು ತೆಗೆದು ಬಾಗಿಲು ತೆರೆದ. ಅದೂ ಒಂದು ಫ್ರೇಮಿನ ಹಿಂದೆಯೇ ಇತ್ತು.

ಕೀಲಿಯಣ್ಣ ಗಳಗಳ ಅತ್ತುಬಿಟ್ಟ. ಹೆಂಡತಿ ಮಡಿಸಿದ ಟವೆಲ್ಲೊಂದನ್ನು ಬಿಚ್ಚಿ ಕೊಟ್ಟಳು.

ಮಾರನೆಯ ದಿನ ಅವನು ಹನ್ನೊಂದು ಪುಟದ ವರದಿ ಬರೆದ. ಮೊದಲರ್ಧ ನೀರಸ, ಎರಡನೆಯ ಅರ್ಧವೇ ಜೀವ, ಆ ಮುದುಕ ಗುಮಾಸ್ತನಂಥವನು ಇದ್ದರೆ ಬ್ಯಾಂಕಿಗೆ ಬೇರೆ ಬೀಗ ಬೇಡ ಎಂದು ಬರೆದ. ಬದುಕಿನಲ್ಲಿ ಅಷ್ಟು ಮನಸಿಟ್ಟು ಅವನು ಬೇರೇನನ್ನೂ ಬರೆದಿರಲಿಲ್ಲ. ಕಳಿಸಿ ಬರುವಾಗ ಲಿಫ್ಟಿನಲ್ಲಿ ಡಾಕ್ಟರಿಗೂ ವಕೀಲರಿಗೂ ಅದನ್ನೇ ಹೇಳಿದ.

"ಯಾವ ಮುದುಕ?" ಎಂದರು ಡಾಕ್ಟರು. "ಪೋಸ್ಟರಲ್ಲಿ ಇಲ್ವಲ್ಲ."

"ಕೊನೇ ಭಾಗ ಚೆನ್ನಾಗಿದೆ ಅಂತಿದಾರೆ ಅಂದ್ರೆ," ಎಂದರು ವಕೀಲರು, ಡಾಕ್ಟರ ಕಿವಿಯಲ್ಲಿ, ಕೀಲಿಯಣ್ಣನಿಗೆ ಕೇಳುವ ಹಾಗೆ, "ಇನ್ನೂ ನೋಡೇ ಇಲ್ಲ, ಪಾಪ."

ಐದನೇ ದಿನಕ್ಕೆ ವರದಿ ವಾಪಸ್ಸು ಬಂತು. ಮೇಲೊಂದು ಷರಾ ಇತ್ತು. 'ವರದಿಯು ಸಾರ್ವಜನಿಕ ಅಭಿಪ್ರಾಯಕ್ಕೆ ಹೊಂದುತ್ತಿಲ್ಲ. ಇವರು ಧಾರಾವಾಹಿಯನ್ನು ನೋಡಿರುವುದು ಅನುಮಾನ. ಲಗತ್ತಿಸಿದ ಮಾದರಿಯನ್ನು ಗಮನಿಸಿ, ಮೂರು ದಿನದೊಳಗೆ ಸರಿಯಾದ ವರದಿ ಕಳಿಸತಕ್ಕದ್ದು.' ಲಗತ್ತಿಸಿದ್ದ ಮಾದರಿ, ಇಪ್ಪತ್ತೆರಡು ವರ್ಷದ ಬ್ಯಾಂಕ್ ಅನುಭವಿಯೊಬ್ಬರ ಕಟು ವಿಮರ್ಶೆ.

ಕೀಲಿಯಣ್ಣ ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಸ್ಟ್ರಾಂಗ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತೂ ನೋಡಿದ. ಕಬ್ಬಿಣ ತಣ್ಣಗಿತ್ತು, ಬೆನ್ನು ನೋಯಿತು. ಮೂರನೇ ದಿನ ಒಂದು ಹಾಳೆ ತೆಗೆದು ಒಂದೇ ಸಾಲು ಬರೆದು ಸಹಿ ಹಾಕಿದ.

ಬಡ್ತಿ ಪತ್ರ ಬಂತು. ಕುರ್ಚಿ ಬಂತು, ಎರಡು ಕೈಯದು. ಅವತ್ತು ಸಂಜೆ ಹೆಂಡತಿ ಬ್ಯಾಂಕಿಗೇ ಬಂದು ಕುರ್ಚಿಯನ್ನು ಹಿಂದೆ ಮುಂದೆ ನೋಡಿದಳು, ಕೈ ಸವರಿದಳು. ಮೇಜಿನ ಮೇಲಿದ್ದ ವರದಿಯ ಪ್ರತಿಯನ್ನೂ ಓದಿದಳು.

"ಅಲ್ಲಾರೀ, ಕೊನೇ ಕಂತಲ್ಲಿ ನನ್ನ ಟವೆಲ್ಲು ಒದ್ದೆ ಮಾಡಿದ್ರಲ್ಲ! ಇಲ್ನೋಡಿದ್ರೆ ಎಳೆದಿದ್ದಾರೆ ಅಂತ ಬರ್ದಿದೀರಾ?"

ಕೀಲಿಯಣ್ಣ ಎರಡು ಮೊಣಕೈಯನ್ನೂ ಕುರ್ಚಿಯ ಎರಡು ಕೈಗಳ ಮೇಲೆ ಇಟ್ಟ. ಅವಳ ಮುಖ ನೋಡಲಿಲ್ಲ.

"ಅತ್ತಿದ್ದು ಗುಮಾಸ್ತ ಕಣೇ," ಎಂದ. "ಬರ್ದಿದ್ದು ಆಫೀಸರು."